ಶುಗರ್ ಪರೀಕ್ಷೆ: ಯಾವ ಅಂಕಿ ಏನು ಹೇಳುತ್ತದೆ?

"ಶುಗರ್ 120 ಬಂದಿದೆ ಹಕೀಂ ಸಾಹೇಬ್, ಮಾತ್ರೆ ಬಿಡಬಹುದಾ?" ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆಯಿಂದ ಬರುವ ಅನೇಕರ ಪ್ರಶ್ನೆ ಇದು. ಖಾಲಿ ಹೊಟ್ಟೆಯ 120 ಬೇರೆ, ಊಟದ ನಂತರದ 120 ಬೇರೆ. ಆದ್ದರಿಂದ ಅದು ಯಾವ ಪರೀಕ್ಷೆಯ ಅಂಕಿ ಎಂದು ಮೊದಲು ತಿಳಿಯಬೇಕು.

ಖಾಲಿ ಹೊಟ್ಟೆಯ ಪರೀಕ್ಷೆ: ಕನಿಷ್ಠ 8 ಗಂಟೆ ಏನೂ ತಿಂದಿರಬಾರದು. ನೀರು ಕುಡಿಯಬಹುದು, ಚಹಾ ಬೇಡ. 100ಕ್ಕಿಂತ ಕಡಿಮೆ ಇದ್ದರೆ ಸಹಜ. 100ರಿಂದ 125 ಎಚ್ಚರಿಕೆಯ ಹಂತ. 126 ಅಥವಾ ಹೆಚ್ಚು ಬಂದು, ಮರುಪರೀಕ್ಷೆಯಲ್ಲೂ ಹಾಗೆಯೇ ಇದ್ದರೆ ಮಧುಮೇಹ.

ಊಟದ ನಂತರದ ಪರೀಕ್ಷೆ: ಮೊದಲ ತುತ್ತಿನಿಂದ 2 ಗಂಟೆ ಎಣಿಸಿ. ರಾಗಿ ಮುದ್ದೆಯಾಗಲಿ, ದೋಸೆಯಾಗಲಿ, ಎಂದಿನ ಆಹಾರವನ್ನೇ ತಿನ್ನಿ. ಪರೀಕ್ಷೆಯ ದಿನ ಮಾತ್ರ ಅರೆಹೊಟ್ಟೆ ತಿಂದರೆ ಮೋಸ ಹೋಗುವವರು ನೀವೇ. ಮಧುಮೇಹಿಗಳಲ್ಲಿ ಹೆಚ್ಚಿನವರಿಗೆ ಇದು 180ರ ಒಳಗಿರಬೇಕು.

ಎಚ್‌ಬಿಎ1ಸಿ: ರಕ್ತದ ಕೆಂಪು ಕಣಗಳು ಸುಮಾರು 120 ದಿನ ಬದುಕುತ್ತವೆ. ಅವುಗಳಿಗೆ ಅಂಟಿದ ಸಕ್ಕರೆ ಎಷ್ಟೆಂದು ಅಳೆದರೆ ಹಿಂದಿನ ಎರಡು ಮೂರು ತಿಂಗಳ ಸರಾಸರಿ ತಿಳಿಯುತ್ತದೆ. ಇದಕ್ಕೆ ಖಾಲಿ ಹೊಟ್ಟೆ ಬೇಕಿಲ್ಲ. ಶೇ. 5.7ಕ್ಕಿಂತ ಕಡಿಮೆ ಸಹಜ, 6.5 ಮತ್ತು ಮೇಲೆ ಮಧುಮೇಹ. ಚಿಕಿತ್ಸೆಯಲ್ಲಿರುವ ಹೆಚ್ಚಿನವರಿಗೆ 7ರೊಳಗೆ ಗುರಿ. ವಯಸ್ಸಾದವರಿಗೆ ವೈದ್ಯರು ಬೇರೆ ಗುರಿ ಹೇಳಬಹುದು. ಕಬ್ಬಿಣಾಂಶದ ಕೊರತೆಯಿಂದ ರಕ್ತಹೀನತೆ ಇದ್ದರೆ ಈ ಅಂಕಿ ಇರುವುದಕ್ಕಿಂತ ಹೆಚ್ಚು ಕಾಣಬಹುದು. ನಮ್ಮ ಸಹೋದರಿಯರು ಇದನ್ನು ವೈದ್ಯರ ಗಮನಕ್ಕೆ ತರಬೇಕು.

ಮನೆಯ ಗ್ಲುಕೋಮೀಟರ್: ಕೈಯನ್ನು ಸೋಪಿನಿಂದ ತೊಳೆದು ಒರೆಸಿಕೊಂಡು ಬೆರಳು ಚುಚ್ಚಿ. ಶ್ರೀನಿವಾಸಪುರದ ಮಾವಿನ ಹಣ್ಣು ಹೆಚ್ಚಿದ ಕೈಯಲ್ಲೇ ಪರೀಕ್ಷಿಸಿದರೆ, ಬೆರಳಿಗಂಟಿದ ರಸವೇ ಅಂಕಿಯನ್ನು ಏರಿಸುತ್ತದೆ. ಲ್ಯಾಬಿನ ಅಂಕಿಗೂ ಇದಕ್ಕೂ ಸ್ವಲ್ಪ ವ್ಯತ್ಯಾಸ ಸಹಜ.

ರಮಝಾನಿನಲ್ಲಿ: ಬೆರಳು ಚುಚ್ಚಿ ಪರೀಕ್ಷಿಸುವುದರಿಂದ ರೋಜಾ ಮುರಿಯುವುದಿಲ್ಲವೆಂದು ಉಲಮಾಗಳು ಹೇಳಿದ್ದಾರೆ. 70ಕ್ಕಿಂತ ಇಳಿದರೆ ಅಥವಾ 300 ದಾಟಿದರೆ ರೋಜಾ ಬಿಟ್ಟು ಚಿಕಿತ್ಸೆ ಪಡೆಯಿರಿ. ಇಳಿದಾಗ ಮಗ್ರಿಬ್‌ವರೆಗೆ ಕಾಯದೆ ತಕ್ಷಣ ಸಕ್ಕರೆ ನೀರು ಕುಡಿಯಿರಿ. ಪ್ರಾಣ ಕಾಪಾಡಿಕೊಳ್ಳಲು ದೀನ್ ರಿಯಾಯಿತಿ ನೀಡಿದೆ.

ಯುನಾನಿ ವೈದ್ಯನಾಗಿ ಒಂದು ಮಾತು ಸ್ಪಷ್ಟವಾಗಿ ಹೇಳುತ್ತೇನೆ. ನಾಡಿ ಹಿಡಿದು ಸಕ್ಕರೆಯ ಅಂಕಿ ಹೇಳಲಾಗದು. ಮೆಂತ್ಯ, ಹಾಗಲಕಾಯಿ, ಕಲೌಂಜಿ ಸೇವಿಸುವವರೂ ಪರೀಕ್ಷೆ ಮಾಡಿಸಲೇಬೇಕು. ಒಂದು ಒಳ್ಳೆಯ ಅಂಕಿ ನೋಡಿ ಇನ್ಸುಲಿನ್ ಅಥವಾ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬೇಡಿ. ಏರಿದ ಸಕ್ಕರೆ ನೋವು ಕೊಡದೆಯೇ ಕಣ್ಣು, ಮೂತ್ರಪಿಂಡ, ಪಾದಗಳ ನರಗಳನ್ನು ಕೆಡಿಸುತ್ತದೆ.

ಮನೆಯಲ್ಲಿ ಒಂದು ಪುಸ್ತಕವಿಡಿ. ದಿನಾಂಕ, ಸಮಯ, ಖಾಲಿ ಹೊಟ್ಟೆಯೋ ಊಟದ ನಂತರವೋ, ಅಂಕಿ ಎಷ್ಟು ಎಂದು ಬರೆಯಿರಿ. ವೈದ್ಯರ ಬಳಿ ಹೋಗುವಾಗ ಅದನ್ನೂ ಒಯ್ಯಿರಿ. 30 ವರ್ಷ ದಾಟಿದವರು ಕಾಯಿಲೆಯ ಲಕ್ಷಣ ಇಲ್ಲದಿದ್ದರೂ ಹತ್ತಿರದ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪರೀಕ್ಷೆ ಮಾಡಿಸಿಕೊಳ್ಳಿ.