ಬೆಕ್ಕು ಹೆಣ್ಣಾಯಿತು, ಹೆಗ್ಗಣ ಗಾಡಿಕಾರನಾಯಿತು

ಮಕ್ಕಳ ಚಿತ್ರಪುಸ್ತಕವೆಂದರೆ ಹಠ ಮಾಡುವ ಕೂಸನ್ನು ಸುಮ್ಮನಿರಿಸುವ ಸಾಧನವೆಂದು ನಮ್ಮಲ್ಲಿ ಹಲವರು ತಿಳಿದಿದ್ದೇವೆ. ಅದರಲ್ಲಿಯೂ ಸಾಕಿದ ಬೆಕ್ಕೋ ಮನೆಯ ಇಲಿಯೋ ಮನುಷ್ಯರೂಪ ತಾಳಿ ಕೋಟು ಟೋಪಿ ಧರಿಸುವ ಕಥೆಯಾದರೆ ನಕ್ಕು ಹಾಳೆ ಮಗುಚಿಬಿಡುತ್ತೇವೆ. ಆದರೆ ಆ ನಗೆಯೊಳಗೆ ಒಂದು ಪ್ರಶ್ನೆ ಅಡಗಿದೆ. ರೂಪ ಬದಲಾದ ಮೇಲೆ ಹಳೆಯದರಲ್ಲಿ ಏನು ಉಳಿಯಿತು? ಉಳಿದದ್ದನ್ನು ಕಂಡು ನಾವು ನಗುವುದೇಕೆ? ಊರು ಬಿಟ್ಟು ಬಂದು ಬೇರೆ ಭಾಷೆಯ ಪಟ್ಟಣದಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ನಮಗೆ ಇದು ಬರಿಯ ಆಟದ ಪ್ರಶ್ನೆಯಲ್ಲ.

ಮೊದಲು ಚಿತ್ರದ ವಿಷಯ. ಫ್ರಾನ್ಸಿನ ಶಾರ್ಲ್ ಪೆರೊ 1697ರಲ್ಲಿ ಪ್ರಕಟಿಸಿದ ಸಿಂಡರೆಲ್ಲಾ ಕಥೆಯಲ್ಲಿ ಬೋನಿಗೆ ಬಿದ್ದ ಮೂರು ಹೆಗ್ಗಣಗಳಿವೆ. ಮಾಟ ಬಲ್ಲ ತಾಯಿ ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡ ಮೀಸೆಯದನ್ನು ಆರಿಸಿ ಕೋಲಿನಿಂದ ಮುಟ್ಟುತ್ತಾಳೆ. ಅದು ಭಾರಿ ಮೀಸೆಯ, ದಪ್ಪ ಮೈಯ ಗಾಡಿಕಾರನಾಗುತ್ತದೆ. ತೋಟದ ಆರು ಹಲ್ಲಿಗಳು ಆಳುಗಳಾಗಿ, ಹುಟ್ಟಿದಂದಿನಿಂದ ಅದೇ ಕೆಲಸ ಮಾಡಿದವರಂತೆ ಸಾರೋಟಿನ ಹಿಂಬದಿಗೆ ಅಂಟಿಕೊಂಡು ನಿಲ್ಲುತ್ತವೆ. ಮೈಯೆಲ್ಲ ಬದಲಾಯಿತು, ಮೀಸೆ ಉಳಿಯಿತು, ಹಾಸ್ಯವಿರುವುದು ಅಲ್ಲಿಯೇ. ಇಂಥ ಕಡೆ ಚಿತ್ರಗಾರನಿಗೆ ಒಳ್ಳೆಯ ಅವಕಾಶ. ಮಾತು ‘ಗಾಡಿಕಾರ’ ಎನ್ನುತ್ತಿರುವಾಗಲೇ ಚಿತ್ರವು ‘ಹೆಗ್ಗಣ’ ಎಂದು ಕಣ್ಣು ಮಿಟುಕಿಸಬಲ್ಲುದು. ಅಮೆರಿಕದ ಮಾರ್ಶಿಯಾ ಬ್ರೌನ್ ಎಂಬಾಕೆ ಈ ಕಥೆಗೆ ಬರೆದ ಚಿತ್ರಗಳ ಪುಸ್ತಕ 1954ರಲ್ಲಿ ಬಂದು, ಮರುವರ್ಷ ಆ ದೇಶದ ಕ್ಯಾಲ್ಡೆಕಾಟ್ ಪದಕವನ್ನು ಪಡೆಯಿತು.

ಇನ್ನು ಬೆಕ್ಕಿನ ಕಥೆ. ಈಸೋಪನ ಹೆಸರಿನಲ್ಲಿ ನಡೆದು ಬಂದ ಕಥೆಯಲ್ಲಿ ಬೆಕ್ಕೊಂದು ಒಬ್ಬ ತರುಣನನ್ನು ಮೆಚ್ಚಿ, ದೇವಿಯ ವರದಿಂದ ಹೆಣ್ಣಾಗುತ್ತದೆ. ಪರೀಕ್ಷಿಸಲೆಂದು ದೇವಿ ಇಲಿಯೊಂದನ್ನು ಬಿಡುತ್ತಾಳೆ. ಮದುಮಗಳು ಹಾರಿ ಅದರ ಮೇಲೆ ಬೀಳುತ್ತಾಳೆ. ಮರುಕ್ಷಣವೇ ಮತ್ತೆ ಬೆಕ್ಕು! ಫ್ರೆಂಚ್ ಕವಿ ಲಾ ಫೊಂಟೇನ್ 1668ರಲ್ಲಿ ಇದನ್ನು ತಿರುಗಿಸಿ ಹೇಳಿದನು. ಅವನಲ್ಲಿ ಬೆಕ್ಕನ್ನು ಸಾಕಿದ ಯಜಮಾನನೇ ಅದರ ಮೇಲಿನ ಮರುಳಿನಿಂದ ಅತ್ತು ಕರೆದು, ಮಂತ್ರ ಹಾಕಿಸಿ, ಅದನ್ನು ಹೆಣ್ಣಾಗಿಸಿ ಮದುವೆಯಾಗುತ್ತಾನೆ. ರಾತ್ರಿ ಚಾಪೆ ಕಡಿಯುವ ಇಲಿಗಳ ಸದ್ದಿಗೆ ಹೆಂಡತಿ ದಿಗ್ಗನೆ ಏಳುತ್ತಾಳೆ. ಇಲಿಗಳಾದರೋ ಮುಖ ಬದಲಾದ ಅವಳ ಗುರುತು ಸಿಗದೆ ಹೆದರದೆ ಮತ್ತೆ ಬರುತ್ತವೆ. ಅವಳಿಗೆ ಬೇಟೆ ಇನ್ನೂ ಸುಲಭವಾಗುತ್ತದೆ.

ನಮ್ಮ ಪಂಚತಂತ್ರದಲ್ಲಿ ಮುನಿಯೊಬ್ಬನು ಗಿಡುಗನ ಕೊಕ್ಕಿನಿಂದ ಜಾರಿ ಬಿದ್ದ ಇಲಿಯನ್ನು ಹೆಣ್ಣುಮಗುವಾಗಿಸಿ ಸಾಕುತ್ತಾನೆ. ಪ್ರಾಯಕ್ಕೆ ಬಂದ ಮಗಳು ಸೂರ್ಯ, ಮೋಡ, ಗಾಳಿ, ಪರ್ವತ ಯಾರನ್ನೂ ಒಲ್ಲದೆ ಕಡೆಗೆ ಒಂದು ಇಲಿಯನ್ನು ಮೆಚ್ಚುತ್ತಾಳೆ.

ಈ ಮೂರು ಕಥೆಗಳಿಗೂ ನಮ್ಮ ಹಿರಿಯರು ಒಂದೇ ಗಾದೆಯನ್ನು ಹೊಂದಿಸುತ್ತಿದ್ದರು: ಹುಟ್ಟುಗುಣ ಘಟ್ಟ ಹತ್ತಿದರೂ ಹೋಗದು. ಇಲ್ಲಿ ನಾವು ಸ್ವಲ್ಪ ತಡೆದು ನೋಡಬೇಕು. ಘಟ್ಟ ಹತ್ತಿ ಇಳಿದು ಬಂದವರು ನಾವು. ನಮ್ಮ ಮಕ್ಕಳು ಹಿಂದಿ ಅಥವಾ ಮರಾಠಿ ಆಡುವಾಗ ಊರಿನ ಧಾಟಿ ಇಣುಕಿದರೆ ಜತೆಯವರು ನಗುವುದುಂಟು. ಆ ಮಗುವಿಗೆ ‘ಹುಟ್ಟಿದ್ದು ಬದಲಾಗದು’ ಎಂಬ ನೀತಿಯೊಂದನ್ನೇ ಕಲಿಸಿದರೆ ಅದು ತನ್ನನ್ನೇ ಚಾಪೆಯ ಮೇಲಿನ ಬೆಕ್ಕೆಂದು ಭಾವಿಸೀತು. ಮನುಷ್ಯರನ್ನು ಹುಟ್ಟಿನಿಂದ ಅಳೆಯುವ ರೋಗ ನಮ್ಮ ದೇಶದಲ್ಲಿ ಮೊದಲೇ ಸಾಕಷ್ಟಿದೆ.

ಇದಕ್ಕೆ ಮದ್ದು ಕಥೆಗಳಲ್ಲಿಯೇ ಇದೆ. ಹಿತೋಪದೇಶದ ಮುನಿ ಒಂದು ಇಲಿಯನ್ನು ಬೆಕ್ಕಾಗಿ, ನಾಯಿಯಾಗಿ, ಹುಲಿಯಾಗಿ ಮಾಡುತ್ತಾನೆ. ಹುಲಿಯನ್ನು ಕಂಡವರು ‘ಇದು ಇಲಿಯಾಗಿತ್ತು’ ಎಂದು ಆಡಿಕೊಳ್ಳುತ್ತಾರೆ. ಆ ಅವಮಾನ ತಾಳದೆ ಹುಲಿ ತನ್ನನ್ನು ಸಾಕಿದ ಮುನಿಯನ್ನೇ ಕೊಲ್ಲಲು ಹೊರಟು, ಮತ್ತೆ ಇಲಿಯಾಗುತ್ತದೆ. ತಪ್ಪು ಇಲಿಯಾಗಿ ಹುಟ್ಟಿದ್ದರಲ್ಲಿಲ್ಲ. ಹುಟ್ಟನ್ನು ಬಚ್ಚಿಡಲು ಉಪಕಾರವನ್ನು ಮರೆತದ್ದರಲ್ಲಿದೆ. ಆಡಿಕೊಂಡವರದೂ ತಪ್ಪೇ. ಈ ಕಥೆಯನ್ನೇ ಅದೇ ಮಾರ್ಶಿಯಾ ಬ್ರೌನ್ 1961ರಲ್ಲಿ ಮರದ ಅಚ್ಚಿನ ಚಿತ್ರಗಳಲ್ಲಿ ಹೊರತಂದಾಗ 1962ರಲ್ಲಿ ಮತ್ತೊಮ್ಮೆ ಆ ಪದಕ ದೊರೆಯಿತು.

ಡಚ್ ಲೇಖಕಿ ಆನಿ ಶ್ಮಿಟ್ 1970ರಲ್ಲಿ ಬರೆದ ‘ಮಿನೂಸ್’ ಇನ್ನೂ ಮುಂದೆ ಹೋಗುತ್ತದೆ. ಇದು ಸ್ವಲ್ಪ ದೊಡ್ಡ ಮಕ್ಕಳ ಕಾದಂಬರಿ. ಹೆಣ್ಣಾದ ಬೆಕ್ಕು ನಾಯಿ ಕಂಡರೆ ಮರ ಹತ್ತುತ್ತದೆ, ರಟ್ಟಿನ ಪೆಟ್ಟಿಗೆಯಲ್ಲಿ ಮಲಗುತ್ತದೆ, ನಗು ಬಾರದಿರದು. ಆದರೆ ಅವಳಿಗೆ ಬೆಕ್ಕುಗಳ ಭಾಷೆ ಮರೆತಿಲ್ಲ. ಊರ ಬೆಕ್ಕುಗಳು ತರುವ ಸುದ್ದಿಯನ್ನು ಅವಳು ಸಂಕೋಚದ ಸ್ವಭಾವದ ಪತ್ರಿಕಾ ವರದಿಗಾರನೊಬ್ಬನಿಗೆ ತಿಳಿಸುತ್ತಾಳೆ. ಹೋಗಲಿದ್ದ ಅವನ ನೌಕರಿ ಉಳಿಯುತ್ತದೆ, ಊರಿನ ಗಣ್ಯನೊಬ್ಬನ ಬಣ್ಣ ಬಯಲಾಗುತ್ತದೆ. ಹಳೆಯ ಕಥೆಯಲ್ಲಿ ಕಳಂಕವಾಗಿದ್ದುದು ಇಲ್ಲಿ ವಿದ್ಯೆಯಾಯಿತು. ಎರಡು ಲೋಕದ ಮಾತು ಬಲ್ಲವಳೆಂದೇ ಅವಳು ಉಪಯೋಗಕ್ಕೆ ಬಂದಳು.

ಇಂಥ ಪುಸ್ತಕಗಳನ್ನು ಮಕ್ಕಳೊಡನೆ ಓದುವಾಗ ಮೂರು ಮಾತುಗಳನ್ನು ನೆನಪಿಡೋಣ.

1. ಪುಸ್ತಕ ಯಾವ ಭಾಷೆಯದೇ ಆಗಲಿ, ಚಿತ್ರಕ್ಕೆ ಭಾಷೆಯಿಲ್ಲ. ಕಥೆಯನ್ನು ಮನೆಯ ಕನ್ನಡದಲ್ಲಿ ಹೇಳೋಣ. ಪರಚು, ನೆಕ್ಕು, ಹೊಂಚು, ಗುರುಗುಟ್ಟು ಎಂಬ ಮಾತುಗಳು ಬೇರೆ ಭಾಷೆಯ ಶಾಲೆಯಲ್ಲಿ ಸಿಗುವುದಿಲ್ಲ.

2. ಹಾಳೆ ಮಗುಚುವ ಮುಂಚೆ ‘ಬದಲಾದದ್ದು ಏನು, ಉಳಿದದ್ದು ಏನು?’ ಎಂದು ಕೇಳೋಣ. ಮೀಸೆಯನ್ನೋ ಬಾಲವನ್ನೋ ಮಗುವೇ ಬೆರಳಿಟ್ಟು ತೋರಿಸಲಿ. ನಾವು ಅವಸರಪಡುವುದು ಬೇಡ.

3. ಕಡೆಗೆ, ‘ಉಳಿದದ್ದು ಯಾರಿಗಾದರೂ ತೊಂದರೆಯಾಯಿತೋ, ಉಪಕಾರವಾಯಿತೋ?’ ಎಂದು ಕೇಳೋಣ. ನೀತಿಯನ್ನು ನಾವೇ ಹೇಳಿಬಿಡುವುದಕ್ಕಿಂತ ಈ ಪ್ರಶ್ನೆ ಮೇಲು.

ಅಕ್ಷರ ಹೆಚ್ಚು ಬಾರದ ತಾಯಿತಂದೆಗಳೂ ಇದನ್ನು ಮಾಡಬಹುದು. ದಿನಕ್ಕೆ ಹತ್ತು ನಿಮಿಷ ಸಾಕು.