ಕೈ ಎತ್ತುವ ಮುನ್ನ

ಪ್ರಶ್ನೆ: ನನ್ನ ಮಗನಿಗೆ 22 ವರ್ಷ. ಸಿಟ್ಟು ಬಂದರೆ ತಟ್ಟೆ ಚೊಂಬು ಎಸೆಯುತ್ತಾನೆ. ಕಳೆದ ವಾರ ತಂಗಿಯ ಮೇಲೆ ಕೈಮಾಡಿದ, ಆಮೇಲೆ ತಾನೇ ಅಳುತ್ತ ಕುಳಿತ. ಚಿಕ್ಕಂದಿನಲ್ಲಿ ಅವರಪ್ಪ ಕುಡಿದು ಬಂದು ಅವನನ್ನು ಬಡಿಯುತ್ತಿದ್ದರು. ಈಗ ಇವನೂ ದಿನಾ ಕುಡಿಯುತ್ತಾನೆ. ಮದುವೆ ಮಾಡಿದರೆ ಸರಿಹೋಗುತ್ತಾನೆಂದು ನೆಂಟರು ಹೇಳುತ್ತಾರೆ. ಇದು ಕಾಯಿಲೆಯೋ, ಕೊಬ್ಬೋ, ಡಾಕ್ಟರೇ?
— ಒಬ್ಬ ತಾಯಿ, ತಿಪಟೂರು

ಉತ್ತರ: ತಾಯೀ, ಮದುವೆಯ ಮಾತನ್ನು ಮೊದಲು ನಿಲ್ಲಿಸಿರಿ, ಪರರ ಮನೆಯ ಹೆಣ್ಣುಮಗಳೊಬ್ಬಳನ್ನು ಈ ಪೆಟ್ಟಿಗೆ ಒಡ್ಡುವುದು ಔಷಧವಲ್ಲ, ಅನ್ಯಾಯ.

ಹಿಂಸೆಯೆಂಬುದು ತಾನೇ ಒಂದು ರೋಗವಲ್ಲ. ಮನೋರೋಗಿಗಳೆಲ್ಲರೂ ಹಿಂಸಾಪ್ರವೃತ್ತಿಯವರೆಂಬುದೂ ಸುಳ್ಳು, ಏಕೆಂದರೆ ಅವರಲ್ಲಿ ಬಹುಪಾಲು ಜನ ಯಾರನ್ನೂ ನೋಯಿಸದವರು, ಎಷ್ಟೋ ವೇಳೆ ತಾವೇ ಪರರ ಪೆಟ್ಟಿಗೆ ಗುರಿಯಾಗುವವರು. ಆದರೂ 1996ರಲ್ಲಿ ವಿಶ್ವ ಆರೋಗ್ಯ ಮಹಾಸಭೆಯು ಹಿಂಸೆಯನ್ನು ಸಾರ್ವಜನಿಕ ಆರೋಗ್ಯದ ಸಮಸ್ಯೆಯೆಂದು ಸಾರಿದುದು, ಬಾಲ್ಯದಲ್ಲಿ ತಿಂದ ಏಟು, ಮದ್ಯ, ನಿದ್ರಾಹೀನತೆ, ಗುರುತಿಸದೆ ಉಳಿದ ಖಿನ್ನತೆ ಮೊದಲಾದ ಕಾರಣಗಳನ್ನು ಕಂಡುಹಿಡಿದು ಮುಂಚಿತವಾಗಿಯೇ ತಡೆಯಬಹುದೆಂಬ ಅರಿವಿನಿಂದಲೇ. ಕಾರಣವನ್ನು ತಿಳಿಯುವುದೆಂದರೆ ತಪ್ಪನ್ನು ಮನ್ನಿಸುವುದೆಂದಲ್ಲ. ಹೊಡೆದ ಹೊಣೆ ನಿಮ್ಮ ಮಗನದೇ.

ಇಂತಹ ತರುಣನೊಬ್ಬನು ನನ್ನೆದುರು ಕುಳಿತು, ಬಾಗಿಲಿಗೆ ಗುದ್ದಿ ಬಾತುಕೊಂಡಿದ್ದ ಬೆರಳ ಗೆಣ್ಣುಗಳನ್ನು ಮತ್ತೊಂದು ಕೈಯಿಂದ ಮುಚ್ಚಿಕೊಳ್ಳುತ್ತ, "ಮೊದಲು ಕಿವಿ ಬಿಸಿಯಾಗುತ್ತದೆ ಸಾರ್, ಆಮೇಲೆ ಏನೂ ತಿಳಿಯುವುದಿಲ್ಲ" ಎಂದನು. ಕಿವಿ ಬಿಸಿಯಾಗುವ ಆ ಕ್ಷಣವೇ ನಮ್ಮ ಚಿಕಿತ್ಸೆಗೆ ದೊರೆಯುವ ಸಂದು: ಆಗ ಮರುಮಾತಾಡದೆ ಎದ್ದು ಹಿತ್ತಿಲಿಗೆ ನಡೆಯುವುದನ್ನು ಅವನು ತಿಂಗಳುಗಟ್ಟಲೆ ಅಭ್ಯಾಸ ಮಾಡಿ ಕಲಿತನು.

ಮದ್ಯದ ವಿಷಯದಲ್ಲಿ ಒಂದು ಎಚ್ಚರಿಕೆ. ನಿತ್ಯ ಕುಡಿಯುವವನನ್ನು ಕೋಣೆಯಲ್ಲಿ ಕೂಡಿಹಾಕಿ ಒಮ್ಮೆಗೇ ಬಿಡಿಸಲು ಹೊರಟರೆ ಎರಡು ಮೂರು ದಿನಗಳಲ್ಲಿ ಕೈನಡುಕ, ಭ್ರಾಂತಿ, ಫಿಟ್ಸ್ ಕಾಣಿಸಿಕೊಂಡು ಪ್ರಾಣಕ್ಕೇ ಅಪಾಯವಾಗಬಹುದು. ಅದು ವೈದ್ಯರ ಕಣ್ಣೆದುರಿನಲ್ಲಿಯೇ ನಡೆಯಬೇಕು. ಗೊತ್ತಾಗದಂತೆ ಅನ್ನದಲ್ಲಿ ಮಾತ್ರೆ ಬೆರೆಸುವುದಂತೂ ಕೂಡದು.

ರಾಜ್ಯ ಸರ್ಕಾರದ ಮನೋಚೈತನ್ಯ ಯೋಜನೆಯಂತೆ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಮಂಗಳವಾರದಂದು ಬರುವ ಏರ್ಪಾಡುಂಟು. ಯಾವ ಮಂಗಳವಾರವೆಂದು ವಿಚಾರಿಸಿಕೊಳ್ಳಿರಿ. ಅಷ್ಟರೊಳಗೆ 14416ಕ್ಕೆ ಕರೆಮಾಡಿದರೆ ಟೆಲಿ ಮಾನಸ್ ಸಹಾಯವಾಣಿಯ ಸಲಹೆಗಾರರು ಕನ್ನಡದಲ್ಲಿಯೇ ಉಚಿತವಾಗಿ ಮಾತನಾಡುವರು. ಮಚ್ಚು, ಕಾಯಿ ಸುಲಿಯುವ ಸಲಾಕೆ ಇವು ಕೈಗೆಟುಕದಿರಲಿ. ಅವನು ಮೇಲೇರಿ ಬಂದರೆ ಸಮಾಧಾನಪಡಿಸುತ್ತ ನಿಲ್ಲದೆ ಮಗಳೊಡನೆ ಹೊರಬಂದು 112ಕ್ಕೆ ತಿಳಿಸಿರಿ, ಮಾನಕ್ಕೆ ಅಂಜಬೇಡಿರಿ.

ಆಸ್ಪತ್ರೆಗೆ ಹೋಗುವಾಗ, ಅವಳು ಒಪ್ಪಿದರೆ, ಮಗಳನ್ನೂ ಕರೆದೊಯ್ಯಿರಿ. ಪೆಟ್ಟು ತಿಂದವಳು ಅವಳು. ಅವಳ ಮಾತನ್ನೂ ವೈದ್ಯರು ಪ್ರತ್ಯೇಕವಾಗಿ ಕೇಳಬೇಕು.