ಬಾಡಿಗೆ ಕರಾರು: ಸಹಿಗೆ ಮುನ್ನ ಓದು

ಉದ್ದೇಶ: ವ್ಯವಹಾರಪತ್ರವನ್ನು ಷರತ್ತು ಷರತ್ತಾಗಿ ಓದಿ ಅದರ ಅರ್ಥವನ್ನು ಕನ್ನಡದಲ್ಲಿ ಹೇಳುವ ಸಾಮರ್ಥ್ಯವನ್ನು ಹತ್ತನೆಯ ತರಗತಿಯ ವಿದ್ಯಾರ್ಥಿಗಳಲ್ಲಿ ಬೆಳೆಸುವುದು.

ಹಿನ್ನೆಲೆ: ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದಲ್ಲಿ ಬಾಡಿಗೆ ಕರಾರುಗಳು ಸಾಮಾನ್ಯವಾಗಿ ಮರಾಠಿಯಲ್ಲಿರುತ್ತವೆ. ಕನ್ನಡ ಮಾತ್ರ ಬಲ್ಲ ಹಿರಿಯರು ತೋರಿಸಿದಲ್ಲಿ ಸಹಿ ಮಾಡಿದರೆ ಠೇವಣಿಯೂ ಸೂರೂ ಅಪಾಯಕ್ಕೊಳಗಾಗುತ್ತವೆ.

ಕಾನೂನು: 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಅಧಿನಿಯಮದ 55ನೆಯ ಕಲಮಿನಂತೆ ಕರಾರು ಲಿಖಿತವಾಗಿದ್ದು ನೋಂದಣಿಯಾಗಬೇಕು, ನೋಂದಣಿಯ ಹೊಣೆ ಮಾಲೀಕನದು. ಅಂತಹ ಕರಾರಿಲ್ಲದಿದ್ದಲ್ಲಿ, ಬೇರೆ ರೀತಿ ಸಾಬೀತಾಗುವವರೆಗೆ, ಷರತ್ತುಗಳ ಬಗೆಗೆ ಬಾಡಿಗೆದಾರನ ಹೇಳಿಕೆಯೇ ನಿಲ್ಲುತ್ತದೆ. ತಪ್ಪಿದ ಮಾಲೀಕನಿಗೆ ಮೂರು ತಿಂಗಳವರೆಗೆ ಸೆರೆವಾಸ, 5,000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು.

ಪದಪರಿಚಯ (ಮರಾಠಿ – ಕನ್ನಡ): ಭಾಡೇಕರೂ – ಬಾಡಿಗೆದಾರ, ಅನಾಮತ ರಕ್ಕಮ – ಠೇವಣಿ, ಮುದತ – ಅವಧಿ, ದುರುಸ್ತೀ – ದುರಸ್ತಿ.

ಚಟುವಟಿಕೆ: ಶಿಕ್ಷಕರು ಹೆಸರು, ವಿಳಾಸಗಳಿಲ್ಲದ ಮಾದರಿ ಕರಾರನ್ನು ಸಿದ್ಧಪಡಿಸಿ ಹಂಚಬೇಕು. ವಿದ್ಯಾರ್ಥಿಗಳು ಈ ಪ್ರಶ್ನೆಗಳಿಗೆ ಅದರಲ್ಲಿ ಉತ್ತರ ಹುಡುಕಲಿ:

1. ಬಾಡಿಗೆ ಎಷ್ಟು? ಯಾವ ದಿನ ಕೊಡಬೇಕು?
2. ಠೇವಣಿ ಯಾವಾಗ ಮರಳುತ್ತದೆ? ಅದರಿಂದ ಏನನ್ನು ಕಡಿತಗೊಳಿಸಬಹುದು?
3. ಮನೆ ತೆರವಿಗೆ ಎಷ್ಟು ದಿನ ಮೊದಲು ಸೂಚನೆ ನೀಡಬೇಕು?
4. ದುರಸ್ತಿಯ ವೆಚ್ಚ ಯಾರದು?

ಚರ್ಚೆ: ‘ಮನೆ ಸುಸ್ಥಿತಿಯಲ್ಲಿದ್ದರೆ ಠೇವಣಿ ಮರಳಿಸಲಾಗುವುದು’ ಎಂಬ ವಾಕ್ಯವನ್ನು ಕಪ್ಪುಹಲಗೆಯ ಮೇಲೆ ಬರೆಯಬೇಕು. ಸುಸ್ಥಿತಿಯನ್ನು ನಿರ್ಣಯಿಸುವವರು ಯಾರು? ಗೋಡೆಯ ಬಣ್ಣ ಮಾಸಿದರೆ? ಅಸ್ಪಷ್ಟ ಪದವೇ ವ್ಯಾಜ್ಯದ ಬೀಜವೆಂಬುದನ್ನು ಮಕ್ಕಳೇ ಕಂಡುಕೊಳ್ಳಲಿ. ಬಳಿಕ ಆ ವಾಕ್ಯವನ್ನು ಸಂದಿಗ್ಧವಿಲ್ಲದಂತೆ ತಿದ್ದಿ ಬರೆಯಲಿ.

ಸೂಚನೆ: ವಿದ್ಯಾರ್ಥಿ ಓದಿ ಹೇಳಬಹುದು, ಕಾನೂನು ಸಲಹೆ ವಕೀಲರದೇ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಅಧಿನಿಯಮದಂತೆ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಹಾಗೂ ನಿಗದಿತ ಆದಾಯಮಿತಿಯೊಳಗಿನವರು ಜಿಲ್ಲಾ ಪ್ರಾಧಿಕಾರದಲ್ಲಿ ಉಚಿತ ನೆರವು ಕೋರಬಹುದೆಂಬುದನ್ನು ಪಾಲಕರ ಸಭೆಯಲ್ಲಿ ತಿಳಿಸಬೇಕು.